ಎರಡು ಮಣಿಕಟ್ಟುಗಳ ಸಾಕ್ಷ್ಯ

ನಿವೃತ್ತರಾದ ಉಪಾಧ್ಯಾಯರೊಬ್ಬರಿಗೂ, ಬಾಲ್ಯದಲ್ಲಿ ಅವರ ಬಳಿ ಓದಿ ಈಗ ಪಾರ್ಶ್ವವಾಯು ಪೀಡಿತರಿಗೆ ಫಿಸಿಯೋಥೆರಪಿಯ ಚಿಕಿತ್ಸೆ ಕೊಡುತ್ತಿರುವ ಅವರ ಶಿಷ್ಯೆಗೂ ನಡುವೆ ನಡೆದ ಮಾತುಕತೆಯನ್ನು ಇಲ್ಲಿ ಬರೆದಿದ್ದೇನೆ. ಆಡುಮಾತನ್ನು ಗ್ರಂಥಭಾಷೆಗೆ ತಿರುಗಿಸಿದೆನೇ ಹೊರತು ವಿಚಾರದ ಓಟವನ್ನು ಬದಲಿಸಲಿಲ್ಲ.

ಮೇಷ್ಟ್ರು: ಅಮ್ಮಾ, ನಮ್ಮಣ್ಣನ ಬಲಭಾಗಕ್ಕೆ ಲಕ್ವ ಹೊಡೆದು ಇದು ಐದನೆಯ ತಿಂಗಳು. ಮಾತು ಬಹುಮಟ್ಟಿಗೆ ಮರಳಿತು; ಎಡಗೈಯಲ್ಲಿ ಕೋಲು ಹಿಡಿದು ಅಂಗಳದ ಕೊನೆಯವರೆಗೂ ನಡೆದುಬರುತ್ತಾನೆ; ಆದರೆ ಬಲಗೈ ಮಾತ್ರ ಮಡಿಲಲ್ಲಿ ಬಿದ್ದುಕೊಂಡೇ ಇರುತ್ತದೆ. ಪರದೇಶದಲ್ಲಿರುವ ಅವನ ಮಗ, ಬೆರಳುಗಳನ್ನು ತಾನೇ ಬಿಡಿಸಿ ತಾನೇ ಮಡಿಸುವ ಯಾಂತ್ರಿಕ ಕೈಗವಸೊಂದನ್ನು ಕಳುಹಿಸುವೆನೆಂದು ಬರೆದಿದ್ದಾನೆ. ಅದರ ಬೆಲೆಯನ್ನು ಕೇಳಿದ ಮೇಲೆ ಅತ್ತಿಗೆಗೆ ನಿದ್ರೆಯಿಲ್ಲ. ಬೇಡವೆಂದರೆ ಗಂಡನ ಕೈಗೆ ತಾನೇ ಅಡ್ಡಿಯಾದೆನೆಂಬ ಭಯ, ಬೇಕೆಂದರೆ ಮಗನ ಗಳಿಕೆಯನ್ನು ಕರಗಿಸಿದೆನೆಂಬ ಭಯ. ನೀನು ಈ ಕೆಲಸದಲ್ಲೇ ಇರುವವಳು, ಏನು ಹೇಳುತ್ತೀಯೆ?

ಶಿಷ್ಯೆ: ಮೊದಲು ಒಂದೆರಡು ಸಂಗತಿಗಳನ್ನು ತಾವು ತಿಳಿಸಬೇಕು, ಮೇಷ್ಟ್ರೇ. ಮುಂಗೈಯನ್ನು ಮೇಜಿನ ಮೇಲಿಟ್ಟು ಹಸ್ತವನ್ನು ಅಂಚಿನಿಂದಾಚೆಗೆ ಇಳಿಬಿಟ್ಟರೆ, ಅಣ್ಣನವರು ಅದನ್ನು ಮಣಿಕಟ್ಟಿನಿಂದ ಮೇಲಕ್ಕೆ ಎತ್ತಬಲ್ಲರೆ? ಮಡಿಸಿದ ಬೆರಳುಗಳನ್ನು, ಪೂರ್ತಿಯಾಗಿ ಅಲ್ಲದಿದ್ದರೂ, ತಾವಾಗಿಯೇ ಸ್ವಲ್ಪ ಬಿಡಿಸಬಲ್ಲರೆ?

ಮೇಷ್ಟ್ರು: ಬಲ್ಲ. ಆಸ್ಪತ್ರೆಯಲ್ಲಿ ವೈದ್ಯರ ಎದುರಿಗೆ ಲೋಟವೊಂದನ್ನು ಹಿಡಿದೆತ್ತಿ ಪಕ್ಕಕ್ಕಿಟ್ಟು ತೋರಿಸಿದ, ನಾವೆಲ್ಲರೂ ಸಂತೋಷಪಟ್ಟೆವು. ಮನೆಗೆ ಬಂದ ಮೇಲೆ ಆ ಕೈಯಿಂದ ಲೋಟ ಮುಟ್ಟಿದ್ದನ್ನು ನಾನಂತೂ ಕಾಣೆ. ನನಗೆ ಬಗೆಹರಿಯದಿರುವುದು ಇದೇ. ರೋಗ ಒಂದೇ, ಮಿದುಳು ಒಂದೇ. ಕಾಲಿಗೆ ಬಂದ ಗುಣ ಕೈಗೇಕೆ ಬರಲಿಲ್ಲ?

ಶಿಷ್ಯೆ: ಅದಕ್ಕೆ ಶರೀರದ ರಚನೆಯಲ್ಲಿ ಒಂದು ಕಾರಣವೂ ಜೀವನದ ರೀತಿಯಲ್ಲಿ ಇನ್ನೊಂದು ಕಾರಣವೂ ಉಂಟು. ಕೈ, ಮುಖ, ನಾಲಗೆಗಳನ್ನು ಆಳುವ ಪ್ರದೇಶವು ಮಿದುಳಿನ ಹೊರಪಾರ್ಶ್ವದಲ್ಲಿದೆ. ಅದಕ್ಕೆ ರಕ್ತವನ್ನುಣಿಸುವ ಮಧ್ಯ ಮಸ್ತಿಷ್ಕ ಧಮನಿಯಲ್ಲಿಯೇ ರಕ್ತದ ಗರಣೆ ಹೆಚ್ಚಾಗಿ ಬಂದು ಸಿಕ್ಕಿಕೊಳ್ಳುವುದು. ಕಾಲನ್ನು ಆಳುವ ಪ್ರದೇಶವಾದರೋ ಎರಡು ಅರ್ಧಗೋಳಗಳ ನಡುವಣ ಸೀಳಿನೊಳಗಿದ್ದು, ಬೇರೊಂದು ಧಮನಿಯ ಪೋಷಣೆಯಲ್ಲಿರುವುದರಿಂದ, ಅನೇಕ ವೇಳೆ ಪೂರ್ಣ ಪೆಟ್ಟಿನಿಂದ ತಪ್ಪಿಸಿಕೊಳ್ಳುತ್ತದೆ. ಇದು ರಚನೆಯ ಮಾತಾಯಿತು. ಜೀವನದ ಮಾತು ಇದಕ್ಕಿಂತ ಮುಖ್ಯವಾದುದು. ಒಂದೇ ಕಾಲಿನಿಂದ ನಡೆಯಲಾಗದು; ಆದುದರಿಂದ ಬಚ್ಚಲಿಗೆ ಹೋಗಬೇಕಾದರೂ ದುರ್ಬಲವಾದ ಕಾಲು ತನ್ನ ಪಾಲಿನ ಕೆಲಸವನ್ನು ಮಾಡಿಯೇ ತೀರಬೇಕು, ಮಾಡುತ್ತ ಮಾಡುತ್ತ ಅದು ಬಲಗೊಳ್ಳಲೂಬೇಕು. ಆದರೆ ಒಂದೇ ಕೈಯಿಂದ ಹಲ್ಲುಜ್ಜಬಹುದು, ಉಣ್ಣಬಹುದು, ಬಾಗಿಲು ತೆಗೆಯಬಹುದು, ದೂರವಾಣಿಯಲ್ಲಿ ಮಾತನಾಡಬಹುದು. ಗಟ್ಟಿಯಾದ ಕೈ ಎಲ್ಲವನ್ನೂ ತಾನೇ ವಹಿಸಿಕೊಂಡಾಗ ಇನ್ನೊಂದು ಕೈಯನ್ನು ಕೇಳುವವರೇ ಇಲ್ಲ.

ಮೇಷ್ಟ್ರು: ಹಾಗಾದರೆ ಕೈಗೆ ಶಕ್ತಿ ಇದ್ದೂ ಅದು ಸುಮ್ಮನಿರುವುದು ಸಾಧ್ಯವೆನ್ನುತ್ತೀಯೋ?

ಶಿಷ್ಯೆ: ಸಾಧ್ಯವೆಂಬುದಷ್ಟೇ ಅಲ್ಲ, ಅದು ಪ್ರಯೋಗದಿಂದ ತಿಳಿದುಬಂದ ಸಂಗತಿ. ಅಮೆರಿಕದ ಎಡ್ವರ್ಡ್ ಟಾಬ್ ಎಂಬ ಮನಶ್ಶಾಸ್ತ್ರಜ್ಞರು ಕೋತಿಗಳ ಒಂದು ತೋಳಿನಿಂದ ಮಿದುಳಿಗೆ ಸ್ಪರ್ಶಜ್ಞಾನವನ್ನು ಒಯ್ಯುವ ನರಗಳನ್ನು ಕತ್ತರಿಸಿ ನೋಡಿದರು. ಆಜ್ಞೆಯನ್ನು ತರುವ ನರಗಳು ಹಾಗೆಯೇ ಇದ್ದರೂ ಕೋತಿ ಆ ತೋಳನ್ನು ಕೈಬಿಟ್ಟಿತು. ಆದರೆ ಗಟ್ಟಿಯಾದ ತೋಳನ್ನು ಕೆಲವು ದಿನ ಕಟ್ಟಿಹಾಕಿದಾಗ, ಸತ್ತಿತೆಂದು ತೋರಿದ್ದ ತೋಳು ಆಹಾರಕ್ಕಾಗಿ ಚಾಚಿಕೊಂಡಿತು. ಮೊದಲ ದಿನಗಳಲ್ಲಿ ಯತ್ನಿಸಿ ಸೋತ ಪ್ರಾಣಿಯು ಯತ್ನವನ್ನೇ ಬಿಡುವ ಅಭ್ಯಾಸವನ್ನು ಮಾಡಿಕೊಳ್ಳುತ್ತದೆ, ಮುಂದೆ ಶಕ್ತಿ ಮರಳಿದರೂ ಅಭ್ಯಾಸವು ಅಳಿಯುವುದಿಲ್ಲ ಎಂಬ ಸಿದ್ಧಾಂತಕ್ಕೆ ಅವರು ಬಂದರು. ಇದೇ ಪ್ರಯೋಗಗಳ ಸಂಬಂಧದಲ್ಲಿ 1981ರಲ್ಲಿ ಸಿಲ್ವರ್ ಸ್ಪ್ರಿಂಗಿನ ಅವರ ಪ್ರಯೋಗಶಾಲೆಯಿಂದ ಪೊಲೀಸರು ಕೋತಿಗಳನ್ನು ವಶಪಡಿಸಿಕೊಂಡರು, ಮೊಕದ್ದಮೆ ನಡೆಯಿತು, ಕೆಳಗಿನ ನ್ಯಾಯಾಲಯವು ಕೊಟ್ಟ ತೀರ್ಪು ಮೇಲಿನ ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. ನನ್ನ ರೋಗಿಯ ಕೈಯನ್ನು ಹಿಡಿದುಕೊಂಡಾಗಲೆಲ್ಲ ಆ ಮೂಕಪ್ರಾಣಿಗಳ ನೆನಪು ನನಗೆ ಬರುತ್ತದೆ. ಅವುಗಳ ನೋವಿನಿಂದ ದೊರೆತ ಅರಿವನ್ನು ಕಾರ್ಯಕ್ಕೆ ತಾರದೆ ಬಿಡುವುದು ಎರಡನೆಯ ಅಪರಾಧವಾದೀತು.

ಮೇಷ್ಟ್ರು: ನಿನ್ನ ಮಾತು ಮನಸ್ಸನ್ನು ತಟ್ಟುತ್ತದೆ. ಮನುಷ್ಯರ ವಿಷಯದಲ್ಲಿಯೂ ಅದು ಸತ್ಯವಾಯಿತೆ?

ಶಿಷ್ಯೆ: ಆಯಿತು. ಲಕ್ವ ಹೊಡೆದು ಮೂರರಿಂದ ಒಂಬತ್ತು ತಿಂಗಳಾಗಿದ್ದ 222 ಮಂದಿಯನ್ನು ಆರಿಸಿ ಅಮೆರಿಕದಲ್ಲಿ ನಡೆಸಿದ ಪರೀಕ್ಷೆಯೊಂದರ ಫಲಿತಾಂಶವು 2006ರಲ್ಲಿ ಪ್ರಕಟವಾಯಿತು. ಚಿಕಿತ್ಸೆಯ ಪಂಗಡದವರು ಎಚ್ಚರವಿರುವ ಕಾಲದ ನೂರಕ್ಕೆ ತೊಂಬತ್ತು ಪಾಲು ಗಟ್ಟಿಗೈಗೆ ದಪ್ಪನೆಯ ಚೀಲವೊಂದನ್ನು ತೊಟ್ಟಿರಬೇಕು. ಎರಡು ವಾರಗಳ ಕಾಲ, ದಿನಕ್ಕೆ ಆರು ಗಂಟೆಯವರೆಗೂ, ದುರ್ಬಲವಾದ ಕೈಯಿಂದ ಕೆಲಸಗಳನ್ನು ಅಭ್ಯಾಸ ಮಾಡಬೇಕು. ಅವರ ಕೈಗಳಿಗೆ ಬಂದ ಗುಣವು ವರ್ಷದ ಮೇಲೂ ಉಳಿದಿತ್ತು. ಆದರೆ ಆ ಪರೀಕ್ಷೆಗೆ ಸೇರಲು ಮಣಿಕಟ್ಟನ್ನೂ ಬೆರಳುಗಳನ್ನೂ ಅಲ್ಪಸ್ವಲ್ಪ ಎತ್ತಿ ಬಿಡಿಸುವ ಶಕ್ತಿ ಇರಲೇಬೇಕಾಗಿತ್ತು; ತಮ್ಮನ್ನು ನಾನು ಮೊದಲು ಪ್ರಶ್ನಿಸಿದುದು ಈ ಕಾರಣದಿಂದ. ಅಣ್ಣನವರಿಗೆ ಆ ಶಕ್ತಿಯಿದೆ, ಕಾಲವೂ ಅನುಕೂಲವಾಗಿದೆ. ಗಟ್ಟಿಗೈಯಲ್ಲಿ ಅವರು ಕೋಲು ಹಿಡಿಯುವುದರಿಂದ, ನಡೆಯುವಾಗ ಆ ಕೈಗೆ ಚೀಲ ತೊಡಿಸಿದರೆ ಬೀಳುವ ಅಪಾಯವಿದೆ, ಅಷ್ಟೆ.

ಮೇಷ್ಟ್ರು: ಅವನು ವಾರಕ್ಕೆ ಮೂರು ಸಲ ಆಸ್ಪತ್ರೆಗೆ ಹೋಗಿ ವ್ಯಾಯಾಮ ಮಾಡಿ ಬರುತ್ತಾನಲ್ಲ! ಅದು ಸಾಲದೆ?

ಶಿಷ್ಯೆ: ಸಾಲದೆಂದು ಎಣಿಸಿಯೇ ನೋಡಿದ್ದಾರೆ. ಸೇಂಟ್ ಲೂಯಿಸಿನ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಕ್ಯಾಥರೀನ್ ಲ್ಯಾಂಗ್ ಅವರೂ ಅವರ ಜೊತೆಗಾರರೂ 312 ಚಿಕಿತ್ಸಾ ಅವಧಿಗಳನ್ನು ಪಕ್ಕದಲ್ಲಿ ಕುಳಿತು ಗಮನಿಸಿ 2009ರಲ್ಲಿ ವರದಿ ಮಾಡಿದರು. ಕೈಯಿಂದ ಏನನ್ನಾದರೂ ಹಿಡಿಯುವ, ಎತ್ತುವ, ಇಡುವ ಕೆಲಸವನ್ನು ಮಾಡಿಸಿದ ಅವಧಿಗಳಲ್ಲಿಯೂ ಆ ಕೆಲಸವು ಸರಾಸರಿ 32 ಬಾರಿ ನಡೆದಿತ್ತು. ಮಿದುಳಿನ ಗಾಯದ ಸುತ್ತಣ ಪ್ರದೇಶವು ಅಭ್ಯಾಸದಿಂದ ಕೈಯ ಕೆಲಸವನ್ನು ಉಳಿಸಿಕೊಳ್ಳುವುದೆಂದೂ ಅಭ್ಯಾಸವಿಲ್ಲದಿದ್ದರೆ ಅಳಿದುಳಿದುದನ್ನೂ ಕಳೆದುಕೊಳ್ಳುವುದೆಂದೂ 1996ರಲ್ಲಿ ರ‍್ಯಾಂಡಾಲ್ಫ್ ನ್ಯೂಡೋ ಅವರು ತೋರಿಸಿದ ಪ್ರಯೋಗದಲ್ಲಿ, ಪ್ರಾಣಿಗಳು ದಿನವೊಂದಕ್ಕೆ ನೂರಾರು ಬಾರಿ ಕೈ ಚಾಚಿ ಆಹಾರವನ್ನು ಹೆಕ್ಕಿದ್ದುವು. ನೂರಾರು ಎಲ್ಲಿ, ಮೂವತ್ತೆರಡು ಎಲ್ಲಿ! ಇನ್ನೂ ಕಳವಳಪಡಬೇಕಾದ ಸಂಗತಿಯೊಂದಿದೆ. ಚಿಕಿತ್ಸಾಲಯದಲ್ಲಿ ಪ್ರತಿ ಅವಧಿಗೂ ನೂರಾರು ಆವೃತ್ತಿಗಳನ್ನು ಮಾಡಿಸಿ ಕೈಯ ಸಾಮರ್ಥ್ಯವನ್ನು ಹೆಚ್ಚಿಸಿದ ಮೇಲೂ, ಮನೆಯಲ್ಲಿ ಆ ಕೈ ಮೊದಲಿಗಿಂತ ಹೆಚ್ಚು ಕೆಲಸ ಮಾಡುತ್ತಿರಲಿಲ್ಲವೆಂಬುದನ್ನು ಅದೇ ಲ್ಯಾಂಗ್ ಅವರ ಬಳಗವು 2017ರಲ್ಲಿ ಕಂಡುಕೊಂಡಿತು. ಕೇಳಿ ತಿಳಿದುದಲ್ಲ, ರೋಗಿಗಳ ಎರಡೂ ಮಣಿಕಟ್ಟುಗಳಿಗೆ ಅಳೆಯುವ ಪಟ್ಟಿಯನ್ನು ಕಟ್ಟಿ ಅಳೆದದ್ದು.

ಮೇಷ್ಟ್ರು: ಇನ್‌ಸ್ಪೆಕ್ಟರು ಬಂದ ದಿನ ಪದ್ಯವನ್ನು ತಪ್ಪಿಲ್ಲದೆ ಒಪ್ಪಿಸಿ, ಉಳಿದ ದಿನಗಳಲ್ಲಿ ಪುಸ್ತಕವನ್ನೇ ತೆರೆಯದ ಹುಡುಗರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಅಣ್ಣನ ಕೈಯೂ ಅಂಥದೇ ಎಂದಾಯಿತು. ಆ ಪಟ್ಟಿ ಏನನ್ನು ಅಳೆಯುತ್ತದೆ, ಹೇಗೆ ಅಳೆಯುತ್ತದೆ, ಬಿಡಿಸಿ ಹೇಳು.

ಶಿಷ್ಯೆ: ನೋಡುವುದಕ್ಕೆ ಕೈಗಡಿಯಾರದಷ್ಟೇ ಇರುತ್ತದೆ, ಮೇಷ್ಟ್ರೇ. ಒಳಗೆ ವೇಗೋತ್ಕರ್ಷವನ್ನು ಅಳೆಯುವ ಸಣ್ಣ ಉಪಕರಣವಿದೆ. ಅತಿ ಸೂಕ್ಷ್ಮವಾದ ಸಿಲಿಕಾನ್ ತುಣುಕೊಂದು ಸಿಲಿಕಾನಿನದೇ ಎಳೆಗಳ ಮೇಲೆ ತೂಗಿಕೊಂಡಿದ್ದು, ಕೈ ಅಲುಗಿದಾಗ ಜಡತ್ವದಿಂದ ಒಂದಿಷ್ಟು ಹಿಂದುಳಿಯುತ್ತದೆ. ಆಗ ಪಕ್ಕದ ಫಲಕಗಳಿಗೂ ಅದಕ್ಕೂ ನಡುವಣ ಅಂತರ ಬದಲಾಗಿ ವಿದ್ಯುತ್ತನ್ನು ಹಿಡಿದಿಡುವ ಶಕ್ತಿಯೂ ಬದಲಾಗುತ್ತದೆ. ಈ ವ್ಯತ್ಯಾಸವನ್ನು ಮೂರು ದಿಕ್ಕುಗಳಲ್ಲಿಯೂ, ಒಂದು ಸೆಕೆಂಡಿಗೆ ಹತ್ತಾರು ಬಾರಿ, ಬರೆದಿಟ್ಟುಕೊಳ್ಳುವುದಷ್ಟೇ ಅದರ ಕೆಲಸ. ಒಂದೇ ಕೈಗೆ ಕಟ್ಟಿದರೆ ಹೆಚ್ಚಿನ ಪ್ರಯೋಜನವಿಲ್ಲ. ಏಕೆಂದರೆ ಹಬ್ಬದ ದಿನ ಎರಡೂ ಕೈಗಳು ಹೆಚ್ಚು ಅಲುಗುತ್ತವೆ, ಜ್ವರ ಬಂದ ದಿನ ಎರಡೂ ಸುಮ್ಮನಿರುತ್ತವೆ. ಎರಡಕ್ಕೂ ಕಟ್ಟಿ, ದುರ್ಬಲವಾದ ಕೈ ಚಲಿಸಿದ ಹೊತ್ತನ್ನು ಗಟ್ಟಿಗೈ ಚಲಿಸಿದ ಹೊತ್ತಿನಿಂದ ಭಾಗಿಸಬೇಕು. ಆರೋಗ್ಯವಂತರಲ್ಲಿ ಈ ಭಾಗಲಬ್ಧ ಎಷ್ಟಿರಬಹುದು, ಊಹಿಸಿ.

ಮೇಷ್ಟ್ರು: ನಾವು ಬಲಗೈಯವರು. ಬಲಗೈ ಮಾಡುವುದರಲ್ಲಿ ಅರ್ಧವನ್ನಾದರೂ ಎಡಗೈ ಮಾಡೀತು.

ಶಿಷ್ಯೆ: ಲ್ಯಾಂಗ್ ಅವರ ಬಳಗವು 2013ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ಅದು 0.95. ರೂಢಿಯ ಕೈ ದಿನಕ್ಕೆ ಸುಮಾರು ಒಂಬತ್ತು ಗಂಟೆ ಚಲಿಸಿದರೆ ಇನ್ನೊಂದು ಎಂಟೂವರೆ ಗಂಟೆ ಚಲಿಸುತ್ತದೆ. ಬಲಗೈ ಬರೆಯುವಾಗ ಎಡಗೈ ಹಾಳೆಯನ್ನು ಒತ್ತಿರುತ್ತದೆ. ಬಲಗೈ ಮುಚ್ಚಳ ತಿರುಗಿಸುವಾಗ ಎಡಗೈ ಡಬ್ಬಿಯನ್ನು ಹಿಡಿದಿರುತ್ತದೆ. ನಮ್ಮ ಬಾಳು ಎಷ್ಟರಮಟ್ಟಿಗೆ ಎರಡು ಕೈಗಳ ಬಾಳೆಂಬುದು ನನಗೂ ಆ ಅಂಕೆಯನ್ನು ಓದುವವರೆಗೆ ಮನಸ್ಸಿಗೆ ಬಂದಿರಲಿಲ್ಲ. ಲಕ್ವ ಹೊಡೆದವರಲ್ಲಿ ಈ ಅಂಕೆ ಇಳಿದಿರುತ್ತದೆ. ಚಿಕಿತ್ಸೆ ಮನೆಯನ್ನು ಮುಟ್ಟಿತೋ ಇಲ್ಲವೋ ಎಂಬುದನ್ನು ವಾರದಿಂದ ವಾರಕ್ಕೆ ಇದೊಂದು ಅಂಕೆ ತಿಳಿಸಬಲ್ಲುದು.

ಮೇಷ್ಟ್ರು: ಆದರೆ ಅಲುಗಿದ್ದೆಲ್ಲ ಕೆಲಸವಾಗುವುದೆ? ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೋಗಿಬಂದರೆ ರಸ್ತೆಯ ಕುಲುಕಾಟವೇ ಎರಡು ಗಂಟೆಯ ವ್ಯಾಯಾಮವೆಂದು ಬರೆದುಕೊಂಡೀತು.

ಶಿಷ್ಯೆ: ಸರಿಯಾದ ಆಕ್ಷೇಪಣೆ. ನಡೆಯುವಾಗ ಕೈ ತೂಗಾಡುವುದನ್ನೂ ಪಟ್ಟಿ ಲೆಕ್ಕಕ್ಕೆ ಹಿಡಿಯುತ್ತದೆ. ಇದಕ್ಕೆ ವಿರುದ್ಧವಾಗಿ, ಅನ್ನಕ್ಕೆ ಸಾರು ಕಲಸುವಾಗ ಬೆರಳುಗಳು ಎಷ್ಟೋ ಶ್ರಮಪಟ್ಟರೂ ಮಣಿಕಟ್ಟು ಹೆಚ್ಚು ಅಲುಗದಿರುವುದರಿಂದ ಆ ಶ್ರಮವು ಅದಕ್ಕೆ ಕಾಣಿಸುವುದೇ ಇಲ್ಲ. ಚಲನೆ ಯಾವುದು, ಉಪಯೋಗ ಯಾವುದು ಎಂದು ಬೇರ್ಪಡಿಸುವ ಗಣಿತದ ಮೇಲೆ ನಮ್ಮ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಜೈವಿಕ ಎಂಜಿನಿಯರಿಂಗ್ ವಿಭಾಗದಲ್ಲಿ ಒಳ್ಳೆಯ ಕೆಲಸ ನಡೆದಿದೆ. ಕ್ಯಾಲಿಫೋರ್ನಿಯದ ಅರ್ವೈನಿನಲ್ಲಿ ಡೇವಿಡ್ ರೈನ್‌ಕೆನ್ಸ್‌ಮೆಯರ್ ಅವರ ಬಳಗದವರು ಬೆರಳಿಗೆ ಅಯಸ್ಕಾಂತದ ಉಂಗುರವನ್ನು ತೊಡಿಸಿ, ಮಣಿಕಟ್ಟಿನ ಪಟ್ಟಿಯಲ್ಲಿ ಕಾಂತಕ್ಷೇತ್ರವನ್ನು ಅಳೆಯುವ ಉಪಕರಣವನ್ನಿಟ್ಟು, ಬೆರಳುಗಳ ಚಲನೆಯನ್ನೇ ಎಣಿಸುವ ಉಪಾಯವನ್ನು ಕಂಡುಹಿಡಿದರು. ಆದ್ದರಿಂದ ಹೇಳುತ್ತೇನೆ: ಪಟ್ಟಿಯ ಅಂಕೆಯನ್ನು ವೇದವಾಕ್ಯವೆಂದು ತಿಳಿಯಬಾರದು. ಬಸ್ಸಿನ ದಿನವನ್ನು ಲೆಕ್ಕದಿಂದ ಬಿಡಬೇಕು. ಉಳಿದ ದಿನಗಳನ್ನು ಒಂದರೊಡನೊಂದು ಹೋಲಿಸಬೇಕು. ಅದೇ ಮನೆ, ಅದೇ ದಿನಚರಿ ಇರುವಾಗ ಅಂಕೆಯ ಏರಿಳಿತಕ್ಕೆ ಅರ್ಥವಿದ್ದೇ ಇರುತ್ತದೆ.

ಮೇಷ್ಟ್ರು: ಇನ್ನು ಆ ಕೈಗವಸಿನ ಮಾತು. ಯಂತ್ರವೇ ಬೆರಳನ್ನು ಬಿಡಿಸುವುದಾದರೆ ಸಾವಿರ ಬಾರಿ ಬಿಡಿಸಬಹುದು. ನೀನು ಹೇಳಿದ ಆವೃತ್ತಿಗಳ ಕೊರತೆ ನೀಗಲಿಲ್ಲವೆ?

ಶಿಷ್ಯೆ: ಬೆರಳು ಬಿಡಿಸಿಕೊಳ್ಳುವುದು ಬೇರೆ, ರೋಗಿ ಬೆರಳನ್ನು ಬಿಡಿಸುವುದು ಬೇರೆ. ಮಲಗಿ ನಿದ್ರಿಸುವವನ ಕೈಯನ್ನು ಸಾವಿರ ಬಾರಿ ಬಿಡಿಸಿದರೆ ಕೀಲುಗಳು ಬಿಗಿಯದೆ ಉಳಿದಾವು, ಮಿದುಳು ಕಲಿಯುವುದೇನೂ ಇಲ್ಲ. ಕಲಿಯಬೇಕಾದರೆ ಸಂಕಲ್ಪವು ಅವನದಾಗಿರಬೇಕು. ಇದನ್ನು ಅರಿತೇ ಉತ್ತಮವಾದ ಸಾಧನಗಳನ್ನು ಬೇರೆ ಬಗೆಯಲ್ಲಿ ರಚಿಸಿದ್ದಾರೆ. ಮಯೋಪ್ರೋ ಎಂಬ ತೋಳುಕಟ್ಟು ಚರ್ಮದ ಮೇಲಿಂದಲೇ ಸ್ನಾಯುವಿನ ಕ್ಷೀಣವಾದ ವಿದ್ಯುತ್ಸಂಕೇತವನ್ನು ಹಿಡಿದು, ರೋಗಿ ಯತ್ನಿಸಿದಾಗ ಮಾತ್ರ ಮೋಟಾರಿನಿಂದ ನೆರವಾಗುತ್ತದೆ. 2021ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆಯ ಸಮ್ಮತಿಯನ್ನು ಪಡೆದ ಇಪ್ಸಿಹ್ಯಾಂಡ್ ಎಂಬುದು, ಪೆಟ್ಟು ತಿನ್ನದೆ ಉಳಿದ ಅರ್ಧಗೋಳದ ವಿದ್ಯುತ್ಸಂಕೇತವನ್ನು ತಲೆಗೆ ತೊಟ್ಟ ಪಟ್ಟಿಯಿಂದ ಓದಿ, ಕೈಯನ್ನು ಚಲಿಸಬೇಕೆಂದು ರೋಗಿ ನೆನೆದಾಗ ಬೆರಳುಗಳನ್ನು ಬಿಡಿಸುತ್ತದೆ. ಬೆರಳನ್ನು ಒಂದಿಷ್ಟೂ ಆಡಿಸಲಾರದವರಿಗೆ ಇಂಥವುಗಳಲ್ಲಿ ಆಸೆಯಿದೆ. ಅವರ ಪಾಲಿಗೆ ಬೇರೆ ದಾರಿಗಳು ಬಹಳ ಕಡಿಮೆ. ಆದರೆ ಯಂತ್ರದ ಶಕ್ತಿಯನ್ನು ಕುರಿತು ಬ್ರಿಟನ್ನಿನಲ್ಲಿ 770 ರೋಗಿಗಳ ಮೇಲೆ ನಡೆಸಿ 2019ರಲ್ಲಿ ಪ್ರಕಟಿಸಿದ ದೊಡ್ಡ ಪರೀಕ್ಷೆಯನ್ನೂ ತಾವು ತಿಳಿದಿರಬೇಕು. ಅಲ್ಲಿ ಬಳಸಿದುದು ತೊಡುವ ಸಾಧನವಲ್ಲ, ಮೇಜಿನ ಬಳಿ ನಿಲ್ಲಿಸುವ ರೋಬೋಟು. ಅದರ ನೆರವಿನಿಂದ ಅಭ್ಯಾಸ ಮಾಡಿದವರ ಕೈಯ ಕಾರ್ಯಶಕ್ತಿಯು, ವಾಡಿಕೆಯ ಚಿಕಿತ್ಸೆ ಪಡೆದವರಿಗಿಂತ ಮೇಲಾಗಲಿಲ್ಲ. ತನ್ನ ಬೆರಳನ್ನು ತಾನೇ ಬಿಡಿಸಬಲ್ಲ ಅಣ್ಣನವರಿಗೆ ಕೈಗವಸಿನ ಅಗತ್ಯವಿಲ್ಲವೆಂಬುದು ನನ್ನ ಖಚಿತವಾದ ಅಭಿಪ್ರಾಯ. ಅವರ ಕೊರತೆ ಶಕ್ತಿಯದಲ್ಲ, ಉಪಯೋಗದ್ದು.

ಮೇಷ್ಟ್ರು: ಪಟ್ಟಿ ಕಟ್ಟಿದ ಮಾತ್ರಕ್ಕೆ ಉಪಯೋಗ ಹೆಚ್ಚೀತೆ? ಜ್ವರವನ್ನು ಅಳೆದರೆ ಜ್ವರ ಇಳಿಯುವುದಿಲ್ಲ.

ಶಿಷ್ಯೆ: ಇಳಿಯುವುದಿಲ್ಲ. ಬಹಳ ಹೊತ್ತು ಕೈ ಅಲುಗದಿದ್ದರೆ ನಡುಗಿ ನೆನಪು ಕೊಡುವ ಪಟ್ಟಿಗಳನ್ನು ಇಂಗ್ಲೆಂಡಿನ ನ್ಯೂಕ್ಯಾಸಲಿನಲ್ಲಿ ರೋಗಿಗಳ ಮನೆಗಳಲ್ಲೇ ಪ್ರಯೋಗಿಸಿದರು. ಅದು ಒಳ್ಳೆಯ ಯೋಚನೆ. ಆದರೆ ನೆನಪಾದ ಮೇಲೆ ಆ ಕೈ ಏನು ಮಾಡಬೇಕೆಂಬುದು ಮೊದಲೇ ಗೊತ್ತಾಗಿರಬೇಕು. ಗಟ್ಟಿಗೈಗೆ ಚೀಲ ತೊಡಿಸುವ ಟಾಬ್ ಅವರ ಚಿಕಿತ್ಸೆಯಲ್ಲಿ ಜನರ ಕಣ್ಣಿಗೆ ಬಿದ್ದುದು ಆ ಚೀಲ. ಕಣ್ಣಿಗೆ ಬೀಳದೆ ಉಳಿದುದು ಅದರ ಇನ್ನೊಂದು ಅಂಗ. ರೋಗಿಯೂ ಮನೆಯವರೂ ಸೇರಿ, ಯಾವ ಯಾವ ಕೆಲಸಕ್ಕೆ ದುರ್ಬಲವಾದ ಕೈಯನ್ನೇ ಹಚ್ಚುವೆವೆಂದು ಕರಾರು ಬರೆದು ಸಹಿ ಹಾಕುತ್ತಾರೆ. ದಿನವೂ ಪುಸ್ತಕದಲ್ಲಿ ಗುರುತಿಡುತ್ತಾರೆ. ಆಗದಿದ್ದುದು ಏಕೆ ಆಗಲಿಲ್ಲವೆಂದು ಮರುದಿನ ಚಿಕಿತ್ಸಕರೊಡನೆ ಚರ್ಚಿಸುತ್ತಾರೆ. ಸಮಾನವಾದ ಅಭ್ಯಾಸವನ್ನು ಕೊಟ್ಟ ಎರಡು ಪಂಗಡಗಳಲ್ಲಿ, ಈ ಕರಾರು ಮತ್ತು ದಿನಚರಿಗಳಿದ್ದ ಪಂಗಡದವರ ಮಿದುಳಿನ ಬೂದುದ್ರವ್ಯ ಹೆಚ್ಚಿದುದನ್ನೂ ಇಲ್ಲದವರಲ್ಲಿ ಹೆಚ್ಚದಿದ್ದುದನ್ನೂ 2008ರಲ್ಲಿ ಟಾಬ್ ಅವರ ಬಳಗವೇ ಚಿತ್ರಗಳಿಂದ ತೋರಿಸಿತು. ಮಣಿಕಟ್ಟಿನ ಪಟ್ಟಿಯ ಸ್ಥಾನ ಇಲ್ಲಿದೆ. ಕರಾರು ನಡೆಯಿತೆಂಬುದಕ್ಕೆ ಅದು ಸಾಕ್ಷಿ. ಪಕ್ಷಪಾತವಿಲ್ಲದ, ದಾಕ್ಷಿಣ್ಯಕ್ಕೆ ಒಳಗಾಗದ ಸಾಕ್ಷಿ. ಕರಾರೇ ಇಲ್ಲದೆ ಸಾಕ್ಷಿಯನ್ನು ಮಾತ್ರ ನೇಮಿಸಿಕೊಂಡರೆ ಫಲವಿಲ್ಲ.

ಮೇಷ್ಟ್ರು: ನಮ್ಮ ಮನೆಗಳಲ್ಲಿ ಆರೈಕೆ ಮಾಡುವವರಿಗೆ ಕೊರತೆಯಿಲ್ಲ. ಅವರಿಗೇ ಕಲಿಸಿಕೊಟ್ಟರೆ ಸಾಕಲ್ಲವೆ? ಯಂತ್ರವೂ ಬೇಡ, ಪಟ್ಟಿಯೂ ಬೇಡ.

ಶಿಷ್ಯೆ: ಹಾಗೆಯೇ ನಂಬಿ ನಮ್ಮ ದೇಶದ 14 ಆಸ್ಪತ್ರೆಗಳಲ್ಲಿ 1250 ರೋಗಿಗಳ ಮೇಲೆ ಪರೀಕ್ಷೆ ನಡೆಸಿದರು, 2017ರಲ್ಲಿ ಅದರ ಫಲಿತಾಂಶ ಹೊರಬಂತು. ಮನೆಯವರಿಗೆ ತರಬೇತಿ ಕೊಟ್ಟು ಅವರಿಂದಲೇ ಚಿಕಿತ್ಸೆ ಮಾಡಿಸಿದವರಲ್ಲಿ, ಆರು ತಿಂಗಳ ನಂತರ, ಮರಣವಾಗಲಿ ಪರಾವಲಂಬನೆಯಾಗಲಿ ಕಡಮೆಯಾಗಿರಲಿಲ್ಲ. ಅದನ್ನು ಓದಿದ ದಿನ ನನಗೆ ಬಹಳ ವ್ಯಥೆಯಾಯಿತು. ಏಕೆಂದರೆ ಚಿಕಿತ್ಸಕರು ವಿರಳವಾಗಿರುವ ಈ ನಾಡಿನಲ್ಲಿ ಮನೆಯವರಲ್ಲದೆ ಇನ್ನು ಯಾರು ಗತಿ? ಆದರೂ ನಾನು ನಿರಾಶಳಾಗಿಲ್ಲ; ಕೊರತೆ ಎಲ್ಲಿದೆಯೆಂದು ನನಗೆ ತೋರುತ್ತದೆ. ನಮ್ಮ ಮನೆಗಳಲ್ಲಿ ಪ್ರೀತಿಯು ಮೊದಲು ಮಾಡುವ ಕೆಲಸವೆಂದರೆ ರೋಗಿಯ ಕೈಯಿಂದ ಕೆಲಸವನ್ನು ಕಿತ್ತುಕೊಳ್ಳುವುದು. ಸೊಸೆ ಗುಂಡಿ ಹಾಕುತ್ತಾಳೆ, ಮೊಮ್ಮಗ ಚಪ್ಪಲಿ ತೊಡಿಸುತ್ತಾನೆ, ಹೆಂಡತಿ ತುತ್ತು ಕಲಸಿ ಬಾಯಿಗಿಡುತ್ತಾಳೆ. ಕೈಯನ್ನು ಹತ್ತು ನಿಮಿಷ ಎತ್ತಿ ಇಳಿಸಿ ವ್ಯಾಯಾಮ ಮಾಡಿಸಿದ ಅದೇ ಅಕ್ಕರೆಯು ಉಳಿದ ಹದಿನಾಲ್ಕು ಗಂಟೆ ಆ ಕೈಯನ್ನು ನಿರುದ್ಯೋಗಿಯನ್ನಾಗಿ ಮಾಡುತ್ತದೆ. ಇದನ್ನು ಬಾಯಿಮಾತಿನಿಂದ ಹೇಳಿದರೆ ಅವರಿಗೆ ನೋವಾಗುತ್ತದೆ, ನಂಬುವುದೂ ಇಲ್ಲ. ವಾರದ ಅಂಕೆಯನ್ನು ಮುಂದಿಟ್ಟರೆ ಯಾರನ್ನೂ ದೂರಬೇಕಾಗುವುದಿಲ್ಲ.

ಮೇಷ್ಟ್ರು: ಅಣ್ಣನ ಕರಾರಿನಲ್ಲಿ ಏನನ್ನು ಬರೆಯೋಣ?

ಶಿಷ್ಯೆ: ಅವರಿಗೆ ಪ್ರಿಯವಾದುದನ್ನು. ಎಡಗೈಯಲ್ಲಿ ಉಣ್ಣುವುದಕ್ಕೆ, ಎಡಗೈಯಿಂದ ಇನ್ನೊಬ್ಬರಿಗೆ ಏನನ್ನಾದರೂ ಕೊಡುವುದಕ್ಕೆ ಅವರಿಗೆ ಸಂಕೋಚವಿದ್ದೇ ಇರಬೇಕು. ಆ ಸಂಕೋಚವು ಇಲ್ಲಿ ನಮಗೆ ಸಹಾಯಕ. ಎಡಗೈಗೆ ಲಕ್ವ ಹೊಡೆದವರಲ್ಲಿ ಇಷ್ಟು ಬಲವಾದ ಪ್ರೇರಣೆಯನ್ನು ಹುಡುಕಿಕೊಳ್ಳುವುದೇ ನನಗೆ ಕಷ್ಟವಾಗುತ್ತದೆ.

ಮೇಷ್ಟ್ರು: ದೇವಸ್ಥಾನದಲ್ಲಿ ಬಲಗೈಯಲ್ಲಿ ತೀರ್ಥ ತೆಗೆದುಕೊಳ್ಳಲಾಗಲಿಲ್ಲವೆಂದು ಅವನು ಅತ್ತದ್ದುಂಟು.

ಶಿಷ್ಯೆ: ಅದನ್ನೇ ಮೊದಲು ಬರೆಯಿರಿ. ಲಕ್ವ ಹೊಡೆದ ಕೈಯ ಸಹಜವಾದ ಸೆಳೆತವು ಮೊಣಕೈಯನ್ನು ಮಡಿಸಿ, ಅಂಗೈಯನ್ನು ನೆಲದ ಕಡೆಗೆ ತಿರುಗಿಸಿ, ಮುಷ್ಟಿ ಬಿಗಿಯುವುದು. ತೀರ್ಥಕ್ಕಾದರೆ ಮುಂಗೈ ತಿರುಗಿ ಅಂಗೈ ಆಕಾಶವನ್ನು ನೋಡಬೇಕು. ಬೆರಳುಗಳು ಕೂಡಿಕೊಂಡು ನೀರು ಸೋರದಷ್ಟು ಬಾಗಬೇಕು, ಬಿಗಿಯಬಾರದು. ಆಮೇಲೆ ನೀರು ತುಳುಕದಂತೆ ಕೈ ತುಟಿಯವರೆಗೆ ಬರಬೇಕು. ಮುಂಗೈ, ಬೆರಳುಗಳ ಮಟ್ಟಿಗೆ ರೋಗವು ಎಳೆಯುವ ದಿಕ್ಕಿಗೆ ಎದುರಾದ ಚಲನೆಗಳಿವು. ಇವನ್ನು ಸಾಧಿಸಲು ಇದಕ್ಕಿಂತ ಉತ್ತಮವಾದ ಅಭ್ಯಾಸವನ್ನು ನಾನು ಕಲ್ಪಿಸಲಾರೆ. ಕೆಳಗೆ ಎಡಗೈಯನ್ನು ಆಧಾರವಾಗಿಡುವ ವಾಡಿಕೆಯೂ ನಮ್ಮಲ್ಲಿದೆ. ಮೊದಮೊದಲು ಅದು ನೆರವಾಗಲಿ. ಬೆಳಗ್ಗೆ ಮೂವತ್ತು ಬಾರಿ, ಸಂಜೆ ಮೂವತ್ತು ಬಾರಿ, ಬರಿಯ ನೀರಿನಿಂದ. ಆ ಬಳಿಕ ನಲ್ಲಿ ತಿರುಗಿಸುವುದು, ಬಾಗಿಲ ಚಿಲಕ, ಪತ್ರಿಕೆಯ ಹಾಳೆ. ಎರಡೂ ಪಟ್ಟಿಗಳನ್ನು ಎದ್ದೊಡನೆ ಕಟ್ಟಿ ಮಲಗುವಾಗ ಬಿಚ್ಚಿರಿ. ಹೆಜ್ಜೆಗಳನ್ನು ಎಣಿಸುವ ಗಡಿಯಾರಗಳು ಈ ಕೆಲಸಕ್ಕೆ ಆಗುವುದಿಲ್ಲ. ಚಲನೆಯ ದಾಖಲೆಯನ್ನು ಪೂರ್ತಿಯಾಗಿ ಹೊರಕ್ಕೆ ಕೊಡುವ ಪಟ್ಟಿಗಳೇ ಬೇಕು. ಬಲಗೈಯಲ್ಲಿ ಸ್ಪರ್ಶಜ್ಞಾನ ಕಡಮೆಯಾಗಿದ್ದರೆ ಬಿಗಿಯಾದ ಪಟ್ಟಿ ಚರ್ಮವನ್ನು ಗಾಯಮಾಡಿದರೂ ಅವರಿಗೆ ತಿಳಿಯದು. ಒಂದು ಬೆರಳು ಒಳಗೆ ನುಸುಳುವಷ್ಟು ಸಡಿಲವಾಗಿರಲಿ, ರಾತ್ರಿ ಬಿಚ್ಚಿದಾಗ ಕೆಂಪಾಗಿದೆಯೋ ಬಾತಿದೆಯೋ ಅತ್ತಿಗೆಯವರು ನೋಡಲಿ. ಹೆಗಲು ನೋಯತೊಡಗಿದರೆ ಕೈಯನ್ನು ಎಳೆದಾಡಿಸದೆ ನನಗೆ ಹೇಳಿಕಳುಹಿಸಿ.

ಮೇಷ್ಟ್ರು: ಅತ್ತಿಗೆಗೆ ಇಷ್ಟನ್ನೆಲ್ಲ ಒಮ್ಮೆಗೇ ಹೇಳಿದರೆ ಗಾಬರಿಯಾಗುತ್ತದೆ. ಇಂದು ರಾತ್ರಿ ಹೇಳಬೇಕಾದ್ದು ಒಂದಿದ್ದರೆ ಯಾವುದು?

ಶಿಷ್ಯೆ: ತಟ್ಟೆಗೆ ಬಡಿಸಿದ ಮೇಲೆ ಅನ್ನವನ್ನು ಅಣ್ಣನವರೇ ಬಲಗೈಯಿಂದ ಕಲಸಲಿ; ಅರ್ಧ ಚೆಲ್ಲಿದರೂ, ಸಾರು ಆರಿದರೂ, ಅತ್ತಿಗೆಯವರು ಕೈಹಾಕದೆ ಪಕ್ಕದಲ್ಲಿ ಕುಳಿತಿರಲಿ.